ಯಾರ ಪೈಕಿ ನೀನು?

ಮಗಳು ಜಾನೆಲ್ ತನ್ನ ಜನಾಂಗ ಯಾವುದೆಂದು ಬರೆಸುತ್ತಾಳೋ? ಅಪ್ಪನ ಹಾಗೆ ಕಪ್ಪು ಜನವೆಂದೋ, ತೀರಿಹೋದ ತಾಯಿಯ ಹಾಗೆ ಅಮೆರಿಕದ ಮೂಲನಿವಾಸಿಗಳಾದ ಲಂಬೀ ಬುಡಕಟ್ಟಿನ ಇಂಡಿಯನ್ ಎಂದೋ? ಚರ್ಚಿನಂಗಳದಲ್ಲಿ ಹಾಕಿದ್ದ ಮತದಾರರ ನೋಂದಣಿಯ ಮೇಜಿನೆದುರು ಅವಳೊಂದಿಗೆ ನಿಂತ ಡೆಲ್ಟನ್‌ಗೆ ಅದೇ ಯೋಚನೆ.

ಮೇಜಿನ ಹಿಂದಿದ್ದ ಲಂಬೀ ಮುದುಕಿ ರುಥೀನ್, ಊರ ರೂಢಿಯಂತೆ ಹೆಸರಿಗಿಂತ ಮೊದಲೇ ಕೇಳಿದಳು: "ಯಾರ ಪೈಕಿಯೇ ನೀನು?"

"ವರ್ಲೀನ್ ಬ್ರೇಬಾಯ್ ಮಗಳು, ಅಜ್ಜಿ."

"ಅಯ್ಯೋ, ನಮ್ ವರ್ಲೀನ್ ಮಗಳಾ! ಅದಕ್ಕೇ ಆ ಗಲ್ಲ. ಅವಳ ಬಾಯೂ ಬಂದಿದ್ಯಾ?"

"ಅಪ್ಪನ್ನೇ ಕೇಳಿ. ದಿನಾ ನನ್ ಕೈಲಿ ಬೈಸ್ಕೋತಾರೆ."

ತಾಯಿ ಹೋದ ಮೇಲೆ ಮಗಳ ಮುಖ ಇಷ್ಟು ಅರಳಿದ್ದನ್ನು ಡೆಲ್ಟನ್ ಕಂಡಿರಲಿಲ್ಲ. ಅವಳು ಅರ್ಜಿಯಲ್ಲಿ ಇಂಡಿಯನ್ ಎಂಬ ಚೌಕಕ್ಕೆ ಗುರುತು ಹಾಕಿ ತಿರುಗಿದಳು.

"ಬೇಜಾರಿಲ್ಲ ತಾನೇ, ಅಪ್ಪಾ?"

"ಬೇಜಾರ್ಯಾಕಮ್ಮ?"

ಅದರ ಕೆಳಗೇ 'ಎರಡು ಜನಾಂಗ' ಎಂಬ ಚೌಕವೂ ಇದೆಯೆಂದು ಅವನು ಹೇಳಲೇ ಇಲ್ಲ.