ಫಿಡೆಲಿಸ್ ತುಂಬಿದ ಫಾರ್ಮು

ದುಬೈನ ಅಲ್ ಬರ್ಷಾದ ಒಂದು ಹೋಟೆಲಿನಲ್ಲಿ ಫಿಡೆಲಿಸ್ ಮಥಾಯಸ್ ಹನ್ನೊಂದು ವರ್ಷಗಳಿಂದ ಬ್ಯಾಂಕ್ವೆಟ್ ಸೂಪರ್‌ವೈಸರ್ ಆಗಿದ್ದ. ಮದುವೆಯ ಮಧ್ಯದಲ್ಲಿ ಮೈಕು ಕೈಕೊಟ್ಟರೆ, ಇನ್ನೂರು ಜನರ ಊಟಕ್ಕೆ ಮುನ್ನೂರು ಜನ ಬಂದರೆ, ಉಳಿದವರು ಕೈಚೆಲ್ಲಿ ನಿಂತಾಗಲೂ ಅವನ ತಲೆ ಓಡುತ್ತಿತ್ತು. ಕಾಗದಪತ್ರ ಮಾತ್ರ ಅವನಿಗೆ ಒಗ್ಗಿದ್ದಲ್ಲ. ಬಂದ ಮೇಲ್‌ಗಳನ್ನು ಓದುತ್ತಿದ್ದ, ಚಹಾ ಕುಡಿದು ಬಂದು ಉತ್ತರ ಬರೆಯೋಣ ಎಂದುಕೊಳ್ಳುತ್ತಿದ್ದ. ಚಹಾ ಮುಗಿಯುವಷ್ಟರಲ್ಲಿ ಆ ಮೇಲ್ ಕೂಡ ಮನಸ್ಸಿನಿಂದ ಜಾರಿಹೋಗಿರುತ್ತಿತ್ತು.

೨೦೧೬ರ ಸೆಪ್ಟೆಂಬರಿನಲ್ಲಿ ಒಂದು ನಿಶ್ಚಿತಾರ್ಥದ ದಿನ ಶನಿವಾರದಿಂದ ಗುರುವಾರಕ್ಕೆ ಬದಲಾಯಿತು. ಆ ಸುದ್ದಿ ಫಿಡೆಲಿಸನಿಗೆ ತಲುಪಿತ್ತು, ಅವನಿಂದ ಮುಂದಕ್ಕೆ ಹೋಗಲೇ ಇಲ್ಲ. ಗುರುವಾರ ಸಂಜೆ ಹುಡುಗಿಯ ಮನೆಯವರು ರೇಷ್ಮೆ ಸೀರೆ ಉಟ್ಟು ಬಂದು ನಿಂತಾಗ ಹಾಲ್‌ನಲ್ಲಿ ಕುರ್ಚಿಗಳು ಇನ್ನೂ ಒಂದರ ಮೇಲೊಂದು ಪೇರಿಸಿಟ್ಟಂತೆಯೇ ಇದ್ದವು. ಎಂಟು ಜನರನ್ನು ಕಟ್ಟಿಕೊಂಡು ಫಿಡೆಲಿಸ್ ಐವತ್ತು ನಿಮಿಷದಲ್ಲಿ ಹಾಲ್ ಸಿದ್ಧಮಾಡಿದ. ಹುಡುಗಿಯ ತಂದೆ ಹೊರಡುವಾಗ ಅವನ ಕೈ ಕುಲುಕಿದರು. ಮರುವಾರ ಮ್ಯಾನೇಜರು ಅವನ ಕೈಗೆ ವಾರ್ನಿಂಗ್ ಲೆಟರ್ ಕೊಟ್ಟರು. ಆ ವರ್ಷದಲ್ಲಿ ಅದು ಎರಡನೆಯದು.

ಲೆಟರಿಗೆ ಸಹಿ ಹಾಕಿಸಿಕೊಂಡ ಎಚ್‌ಆರ್ ವಿಭಾಗದ ಶರ್ಮಿಳಾ ಉಡುಪಿಯ ಕಡೆಯವಳು. ಅವಳು ಎದ್ದು ಬಾಗಿಲು ಮುಂದೆ ಮಾಡಿದಳು.

"ಬೇಜಾರು ಮಾಡ್ಬೇಡಿ, ಒಂದು ಮಾತು ಹೇಳ್ತೇನೆ. ನನ್ನ ತಮ್ಮ ರಿತೇಶ್ ಉಂಟಲ್ಲ, ಅವನೂ ಸೇಮ್ ನಿಮ್ಮ ಹಾಗೆ. ಬುದ್ಧಿ ಉಂಟು, ಕೆಲಸ ಗೊತ್ತುಂಟು, ಹಿಡಿದದ್ದನ್ನು ಮುಗಿಸ್ಲಿಕ್ಕೆ ಮಾತ್ರ ಆಗುದಿಲ್ಲ. ಊದ್ ಮೇಥಾದಲ್ಲಿ ಒಬ್ರು ಡಾಕ್ಟರಿಗೆ ತೋರಿಸಿದೆವು. ಎಡಿಎಚ್‌ಡಿ ಅಂತ ಹೇಳಿದ್ರು, ಗಮನ ನಿಲ್ಲದ ತೊಂದರೆ. ನೀವೂ ಒಮ್ಮೆ ಹೋಗಿ ಬನ್ನಿ."

"ಅದು ಮಕ್ಕಳಿಗೆ ಬರುದಲ್ವಾ?"

"ಆ ಮಕ್ಕಳು ದೊಡ್ಡವರಾಗುದಿಲ್ವಾ ಮಾರಾಯ್ರೆ?"

ಫಿಡೆಲಿಸ್ ಮನೆಯಲ್ಲಿ ಹೇಳದೆ ಹೋದ. ವೇಟಿಂಗ್ ರೂಮಿನಲ್ಲಿ ನರ್ಸ್ ಅವನ ಕೈಗೆ ಒಂದು ಹಾಳೆ, ಒಂದು ಪೆನ್ನು ಕೊಟ್ಟಳು. ಕಳೆದ ಆರು ತಿಂಗಳನ್ನು ನೆನೆದು ಉತ್ತರಿಸಬೇಕಾದ ಹದಿನೆಂಟು ಪ್ರಶ್ನೆಗಳಿದ್ದವು. ಪ್ರತಿಯೊಂದರ ಮುಂದೆ ಐದು ಚೌಕ: ಎಂದೂ ಇಲ್ಲ, ಅಪರೂಪಕ್ಕೆ, ಕೆಲವೊಮ್ಮೆ, ಆಗಾಗ, ತುಂಬಾ ಸಲ.

ಹೋಗಬೇಕಾದ ಕಡೆ ಹೋಗಲು ಮರೆಯುತ್ತೀರಾ ಎಂದು ಒಂದು ಪ್ರಶ್ನೆ ಕೇಳಿತ್ತು. ಅವನು ಯೋಚಿಸಿದ. ಮಗಳ ಶಾಲೆಯ ಸಭೆಗಾಗಲಿ, ವೀಸಾದ ಮೆಡಿಕಲ್‌ಗಾಗಲಿ ಅವನು ತಪ್ಪಿಸಿಕೊಂಡದ್ದಿಲ್ಲ. ಅಪರೂಪಕ್ಕೆ. ಮನೆಯಲ್ಲಿ ವಸ್ತುಗಳನ್ನು ಎಲ್ಲೋ ಇಟ್ಟು ಹುಡುಕಾಡುತ್ತೀರಾ? ಕೀ, ಪರ್ಸು, ಲೇಬರ್ ಕಾರ್ಡು ಬೆಳಿಗ್ಗೆ ಹೊರಡುವಾಗ ಮೇಜಿನ ಮೇಲೆ ಇದ್ದೇ ಇರುತ್ತಿದ್ದವು. ಅಪರೂಪಕ್ಕೆ. ಶುರುಮಾಡಿದ ಕೆಲಸದ ಕೊನೆಯ ಭಾಗ ಮುಗಿಸಲು ಕಷ್ಟವಾಗುತ್ತದೆಯೇ? ಇಲ್ಲಿ ಮಾತ್ರ ಪೆನ್ನು ಸ್ವಲ್ಪ ತಡೆಯಿತು. ಕೆಲವೊಮ್ಮೆ.

ಡಾಕ್ಟರ್ ಸುಸನ್ ಮಂಗಳೂರಿನಲ್ಲಿ ಓದಿದ್ದ ಮಲಯಾಳಿ. ಹಾಳೆಯ ಮೇಲೆ ಬೆರಳಾಡಿಸಿ ಲೆಕ್ಕ ಹಾಕಿ ಹೇಳಿದರು, "ಇದರ ಪ್ರಕಾರ ನಿಮಗೆ ಹೆಚ್ಚೇನೂ ತೊಂದರೆ ಕಾಣುವುದಿಲ್ಲ."

"ಹಾಗಾದರೆ ಏನಿಲ್ಲ ಅಲ್ವಾ ಡಾಕ್ಟ್ರೆ?"

"ಹಾಗೆ ಹೇಳಲಿಕ್ಕೆ ಆಗುವುದಿಲ್ಲ. ಇದು ಜರಡಿ ಹಿಡಿದ ಹಾಗೆ ಮಾತ್ರ. ಇದರಲ್ಲಿ ಹೆಚ್ಚು ಬಂದವರಿಗೆಲ್ಲ ಅದು ಇರಬೇಕಂತಿಲ್ಲ, ಕಡಿಮೆ ಬಂದವರಿಗೆ ಇಲ್ಲ ಅಂತಲೂ ಇಲ್ಲ." ಅವರು ಇನ್ನೊಂದು ಹಾಳೆ ಕೊಟ್ಟರು. "ಇದನ್ನು ನಿಮ್ಮ ಮಿಸೆಸ್ ತುಂಬಲಿ. ನಿಮ್ಮ ಬಗ್ಗೆ."

ಫಿಡೆಲಿಸ್ ಆ ಹಾಳೆಯನ್ನು ಮಡಚಿ ಕಾರಿನ ಡ್ಯಾಶ್‌ಬೋರ್ಡಿನೊಳಗೆ ಹಾಕಿದ. ಅದು ಅಲ್ಲಿಯೇ ಉಳಿಯಿತು.

ಅವನ ಹೆಂಡತಿ ಜೂಡಿತ್ ನರ್ಸ್. ಅದೇ ವರ್ಷದ ಅಕ್ಟೋಬರಿನಲ್ಲಿ ಅವಳಿಗೆ ಅಬುಧಾಬಿಯ ಖಾಲಿದಿಯಾದ ಆಸ್ಪತ್ರೆಯೊಂದರಲ್ಲಿ ವಾರ್ಡ್ ಇನ್‌ಚಾರ್ಜ್ ಕೆಲಸ ಸಿಕ್ಕಿತು. ಹತ್ತು ವರ್ಷ ಕಾದು ಸಿಕ್ಕಿದ ಹುದ್ದೆ. ಭಾನುವಾರದಿಂದ ಗುರುವಾರದವರೆಗೆ ಅಲ್ಲಿ ಸ್ಟಾಫ್ ಕ್ವಾರ್ಟರ್ಸಿನಲ್ಲಿ ಇರುವುದು, ಶುಕ್ರ, ಶನಿವಾರದ ರಜೆಗೆ ಗುರುವಾರ ಸಂಜೆ ಬಸ್ಸಿನಲ್ಲಿ ದುಬೈಗೆ ಬರುವುದು ಎಂದಾಯಿತು. ಹತ್ತು ವರ್ಷದ ಮಗಳು ಆನ್ ಮರಿಯಾಳನ್ನು ಫಿಡೆಲಿಸ್ ನೋಡಿಕೊಳ್ಳಬೇಕು.

"ನಿಮ್ಮಿಂದ ಆಗ್ತದಾ?" ಎಂದು ಜೂಡಿತ್ ಮೂರು ಸಲ ಕೇಳಿದಳು.

"ಯಲ್ಲಾ, ಹೊರಡು, ನೀನು ಹೋಗು. ನಾನೇನು ಚಿಕ್ಕ ಮಗುವಾ?"

ಮೊದಲ ವಾರವೇ ಅವನಿಗೆ ಮನೆಯ ಕೀ ಮೂರು ಸಲ ಸಿಗಲಿಲ್ಲ. ಎರಡನೆಯ ವಾರ ಮೆಷಿನ್ನಿಗೆ ಹಾಕಿದ ಯೂನಿಫಾರ್ಮು ಎರಡು ದಿನ ಅದರೊಳಗೇ ಕೂತು ಮುಗ್ಗಲು ನಾತ ಹೊಡೆಯಿತು. ಶಾಲೆಯ ಪ್ರವಾಸಕ್ಕೆ ಸಹಿ ಮಾಡಬೇಕಿದ್ದ ಚೀಟಿ ಫ್ರಿಜ್ಜಿನಲ್ಲಿ ಮೊಸರಿನ ಡಬ್ಬಿಯ ಕೆಳಗೆ ಸಿಕ್ಕಿತು. ಅಲ್ಲಿ ಇಟ್ಟವನು ಅವನೇ. ಜೂಡಿತಳಿಗೆ ಫೋನಿನಲ್ಲಿ ಎಲ್ಲವೂ ಚೆನ್ನಾಗಿದೆ ಎಂದೇ ಹೇಳುತ್ತಿದ್ದ. ಅಭ್ಯಾಸವಾದರೆ ಸರಿಹೋಗುತ್ತದೆ ಎಂದು ಅವನು ನಂಬಿದ್ದ.

ಮಂಗಳವಾರಗಳಂದು ಆನ್ ಮರಿಯಾಳಿಗೆ ಊದ್ ಮೇಥಾದ ಚರ್ಚಿನಲ್ಲಿ ಹಾಡಿನ ಅಭ್ಯಾಸ. ಶಾಲೆಯ ಬಸ್ಸು ಅಲ್ಲಿ ಇಳಿಸುತ್ತಿತ್ತು, ಆರೂವರೆಗೆ ಫಿಡೆಲಿಸ್ ಹೋಗಿ ಕರೆತರಬೇಕು. ನವೆಂಬರಿನ ಎರಡನೆಯ ಮಂಗಳವಾರ ಹೋಟೆಲಿನಲ್ಲಿ ದೊಡ್ಡ ಕಂಪನಿಯೊಂದರ ಕೂಟಕ್ಕೆ ವೇದಿಕೆ ಕಟ್ಟುತ್ತಿದ್ದರು. ದೀಪಗಳು ಹೊತ್ತುತ್ತಿರಲಿಲ್ಲ. ಫಿಡೆಲಿಸ್ ಫೋನನ್ನು ಲಾಕರಿನಲ್ಲಿ ಬಿಟ್ಟು ಏಣಿ ಹತ್ತಿದ. ವೈರುಗಳ ಮಧ್ಯೆ ಕೂತರೆ ಅವನಿಗೆ ಲೋಕದ ಪರಿವೆ ಇರುತ್ತಿರಲಿಲ್ಲ.

ರಿಸೆಪ್ಷನ್ನಿನ ಹುಡುಗಿ ಕಾರ್ಡ್‌ಲೆಸ್ ಫೋನ್ ಹಿಡಿದು ಓಡಿ ಬಂದಾಗ ಎಂಟು ಗಂಟೆಯಾಗಿತ್ತು.

"ಮಗು ಎಲ್ಲಿ?" ಆ ಕಡೆಯಿಂದ ಜೂಡಿತ್ ಕೇಳಿದಳು.

"ಮನೆಯಲ್ಲಿ... ಇವತ್ತು ಸೋಮವಾರ ಅಲ್ವಾ?"

"ಮಂಗಳವಾರ! ಹಾಡಿನ ಟೀಚರು ನಿಮಗೆ ಹನ್ನೊಂದು ಸಲ ಫೋನ್ ಮಾಡಿದ್ದಾರೆ. ಈಗ ನನಗೆ ಮಾಡಿದ್ರು. ಬೇಗ ಹೋಗಿ!"

ಶೇಖ್ ಝಾಯದ್ ರಸ್ತೆಯಲ್ಲಿ ಕಾರುಗಳು ಇಂಚಿಂಚಾಗಿ ತೆವಳುತ್ತಿದ್ದವು. ಚರ್ಚಿನ ಮೆಟ್ಟಿಲ ಮೇಲೆ ಟೀಚರ ಪಕ್ಕದಲ್ಲಿ ಆನ್ ಮರಿಯಾ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ಫಿಡೆಲಿಸ್ ಅವಳ ಮುಂದೆ ಮಂಡಿಯೂರಿದ.

"ಇಟ್ಸ್ ಓಕೆ ಪಪ್ಪಾ," ಎಂದಳು ಅವಳು. "ಐ ಟೋಲ್ಡ್ ಮಿಸ್, ಮೈ ಪಪ್ಪಾ ಫರ್ಗೆಟ್ಸ್."

ದೂರುವ ಧ್ವನಿಯಲ್ಲಿ ಹೇಳಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಅವಳು ಅಪ್ಪನಿಗೆ ಕನ್ನಡಕ ಇದೆ ಎನ್ನುವಷ್ಟು ಸಹಜವಾಗಿ ಹೇಳಿದ್ದಳು.

ಮಗಳಿಗೆ ಊಟ ಮಾಡಿಸಿ ಮಲಗಿಸಿದ ಮೇಲೆ ಕಾರಿನಲ್ಲಿದ್ದ ಹಾಳೆಯನ್ನು ತಂದು ಜೂಡಿತಳಿಗೆ ಫೋನ್ ಮಾಡಿದ. ಡಾಕ್ಟರ ಬಳಿಗೆ ಹೋದದ್ದನ್ನೂ ಮುಚ್ಚಿಟ್ಟದ್ದನ್ನೂ ಹೇಳಿದ. "ಗುರುವಾರ ಬರ್ತೇನೆ," ಎಂದಷ್ಟೇ ಹೇಳಿದಳು ಜೂಡಿತ್.

ಗುರುವಾರ ಚೂಡಿದಾರ ಬದಲಿಸುವ ಮೊದಲೇ ಊಟದ ಮೇಜಿನ ಮುಂದೆ ಕೂತು ಅವಳು ಹಾಳೆ ತುಂಬಿದಳು. ಒಂದು ಕಡೆಯೂ ಪೆನ್ನು ತಡೆಯಲಿಲ್ಲ. ಆಗಾಗ, ತುಂಬಾ ಸಲ, ತುಂಬಾ ಸಲ. ಮುಗಿಸಿ ತಲೆಯೆತ್ತಿ ಕೇಳಿದಳು, "ನೀವೆಂತ ಬರೆದದ್ದು ಅಲ್ಲಿ?"

"ಅಪರೂಪಕ್ಕೆ ಅಂತ."

"ಅಪರೂಪಕ್ಕಾ!" ಅವಳ ಮುಖ ಕೆಂಪಾಯಿತು. "ಹದಿನಾಲ್ಕು ವರ್ಷ ದಿನಾ ಬೆಳಿಗ್ಗೆ ನಿಮ್ಮ ಕೀ ಮೇಜಿನ ಮೇಲೆ ತಂದಿಟ್ಟದ್ದು ಯಾರು? ಡ್ಯೂಟಿ ಮಧ್ಯೆ ಬಾತ್‌ರೂಮಿಗೆ ಹೋಗಿ ನಿಮಗೆ ಫೋನ್ ಮಾಡಿ, ಇವತ್ತು ಪಿಟಿಎ ಉಂಟು, ಇವತ್ತು ಗ್ಯಾಸಿನವ ಬರ್ತಾನೆ ಅಂತ ಹೇಳಿದ್ದು ಯಾರು?"

"ನಾನು ಸುಳ್ಳು ಬರೆಯಲಿಲ್ಲ ಜೂಡಿ. ನಿಜವಾಗಿಯೂ ನನಗೆ ಹಾಗೇ ಅನಿಸಿದ್ದು."

ಅವನ ಮುಖ ನೋಡಿದ ಮೇಲೆ ಅವಳ ಕೋಪ ತುಸು ಇಳಿಯಿತು. ಅವನು ನಿಜವನ್ನೇ ಹೇಳುತ್ತಿದ್ದ. ತನ್ನ ಬದುಕು ಸುಸೂತ್ರವಾಗಿ ನಡೆಯುತ್ತಿದೆ ಎಂದೇ ಅವನು ತಿಳಿದಿದ್ದ. ಅದನ್ನು ನಡೆಸುತ್ತಿದ್ದ ಕೈ ಅವನಿಗೆ ಕಂಡಿರಲಿಲ್ಲ.

"ಹೀಗೇ ಆದರೆ ನಾನು ಕೆಲಸ ಬಿಡ್ಬೇಕಾಗ್ತದೆ," ಎಂದಳು ಜೂಡಿತ್.

"ಬೇಡ," ಎಂದ ಫಿಡೆಲಿಸ್. "ಅದೊಂದು ಮಾಡ್ಬೇಡ."

ಶನಿವಾರ ಇಬ್ಬರೂ ಒಟ್ಟಿಗೆ ಊದ್ ಮೇಥಾಕ್ಕೆ ಹೋದರು. ಡಾಕ್ಟರ್ ಸುಸನ್ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಮತ್ತೊಂದು ಖಾಲಿ ಹಾಳೆ ಕೊಟ್ಟು, "ಈ ಸಲ ಜೂಡಿತ್ ಅಬುಧಾಬಿಗೆ ಹೋದ ಮೇಲಿನ ದಿನಗಳನ್ನು ಮಾತ್ರ ನೆನಪು ಮಾಡಿ ಬರೆಯಿರಿ," ಎಂದರು. ಫಿಡೆಲಿಸ್ ಮೂಲೆಯ ಕುರ್ಚಿಯಲ್ಲಿ ಕೂತು ಬರೆದ. ಗುರುತುಗಳು ಬಲಗಡೆಯ ಚೌಕಗಳಲ್ಲೇ ಬಿದ್ದವು.

ಡಾಕ್ಟರು ಅಷ್ಟಕ್ಕೇ ತೀರ್ಮಾನ ಹೇಳಲಿಲ್ಲ. ನಿದ್ರೆ ಹೇಗಿದೆ, ಮನಸ್ಸು ಕುಗ್ಗಿದೆಯೇ ಎಂದೆಲ್ಲ ಕೇಳಿದರು, ಥೈರಾಯ್ಡ್ ಪರೀಕ್ಷೆಗೆ ರಕ್ತ ತೆಗೆಸಿದರು. "ಇದು ಇದ್ದರೆ ಚಿಕ್ಕಂದಿನಿಂದಲೇ ಇರಬೇಕು. ಆಗ ನಿಮ್ಮನ್ನು ನೋಡಿದವರು ಯಾರಾದರೂ ಇದ್ದಾರಾ?"

ಊರಿನಲ್ಲಿ, ಕಲ್ಯಾಣಪುರದಲ್ಲಿದ್ದ ಫಿಡೆಲಿಸನ ಅಕ್ಕ ಗ್ರೇಸಿಗೆ ಅಲ್ಲಿಂದಲೇ ಫೋನ್ ಮಾಡಿ ಸ್ಪೀಕರಿನಲ್ಲಿ ಹಾಕಿದರು. ಗ್ರೇಸಿ ಮೊದಲು ನಕ್ಕಳು. "ಇವನಾ? ಒಮ್ಮೆ ಶಾಲೆಯಿಂದ ಬರುವಾಗ ಅಂಗಿಯನ್ನೇ ಬಿಟ್ಟು ಬಂದವ! ನಾಲ್ಕನೇ ಕ್ಲಾಸಿನಲ್ಲಿ ಸ್ಲೇಟು ಎಷ್ಟು ಕಳೆದ್ನೋ ದೇವರಿಗೇ ಗೊತ್ತು. ಮಾಸ್ಟ್ರು ಬಿಸಿಲಲ್ಲಿ ಮೊಣಕಾಲೂರಿ ನಿಲ್ಲಿಸ್ತಿದ್ರು. ಮನೆಗೆ ಬಂದರೆ ಪಪ್ಪ ಬೆಲ್ಟು ತೆಗೀತಿದ್ರು." ಆಮೇಲೆ ಅವಳ ನಗು ನಿಂತಿತು. "ಯಾಕೆ ಡಾಕ್ಟ್ರೆ, ಅದು ಕಾಯಿಲೆಯಾ? ನಾವೆಲ್ಲ ಉಡಾಫೆ ಅಂತ ತಿಳಿದದ್ದು. ಫಿಡೂ, ನಾನೂ ಹೊಡೆದಿದ್ದೆ ಅಲ್ವಾ ನಿನಗೆ?"

"ಸ್ವಲ್ಪ," ಎಂದ ಫಿಡೆಲಿಸ್. ನಲವತ್ತಾರು ವರ್ಷದ ಗಂಡಸು ಡಾಕ್ಟರ ಮುಂದೆ ಕಣ್ಣೊರೆಸಿಕೊಂಡ. ಜೂಡಿತ್ ಅವನ ಬೆನ್ನ ಮೇಲೆ ಕೈಯಿಟ್ಟಳು.

ಇನ್ನೆರಡು ಭೇಟಿಗಳ ನಂತರ ಡಾಕ್ಟರ್ ಸುಸನ್ ಅದು ಎಡಿಎಚ್‌ಡಿಯೇ ಎಂದು ಹೇಳಿ ಕಡಿಮೆ ಪ್ರಮಾಣದಲ್ಲಿ ಮಾತ್ರೆ ಶುರುಮಾಡಿದರು. ಮೊದಲ ತಿಂಗಳು ಅವನಿಗೆ ಹಸಿವೆಯೇ ಆಗಲಿಲ್ಲ, ಎರಡು ಸಲ ಪ್ರಮಾಣ ಬದಲಿಸಬೇಕಾಯಿತು. ಮಾತ್ರೆಯಿಂದ ಎಲ್ಲವೂ ಸರಿಹೋಗಲಿಲ್ಲ. ಆದರೆ ಬಂದ ಮೇಲ್‌ಗೆ ಕೂತಲ್ಲೇ ಉತ್ತರ ಕೊಡುವುದು ಸಾಧ್ಯವಾಯಿತು. ಜನವರಿಯಲ್ಲಿ ಮನೆಯ ಬಾಡಿಗೆ ಕರಾರಿನ ನವೀಕರಣ ಮರೆತ, ಅದನ್ನು ಮುಚ್ಚಿಡದೆ ಅದೇ ದಿನ ಜೂಡಿತಳಿಗೆ ಹೇಳಿದ. ಶರ್ಮಿಳಾ ಮ್ಯಾನೇಜರ ಹತ್ತಿರ ಮಾತಾಡಿ, ಹಾಲ್‌ಗಳ ದಿನಾಂಕ ಬದಲಾದರೆ ಅವನ ಜೊತೆ ಇನ್ನೊಬ್ಬನಿಗೂ ತಿಳಿಸುವ ವ್ಯವಸ್ಥೆ ಮಾಡಿಸಿದಳು. ಮೂರನೆಯ ಲೆಟರು ಬರಲಿಲ್ಲ.

ಮಾರ್ಚಿನ ಒಂದು ಬುಧವಾರ ಜೂಡಿತಳಿಗೆ ರಜೆ. ಖಾಲಿದಿಯಾದ ಕೋಣೆಯಲ್ಲಿ ಊಟ ಮಾಡಿ ಮಲಗಿದವಳಿಗೆ ಎಚ್ಚರವಾದಾಗ ಸಂಜೆ ಏಳು ಗಂಟೆ. ಬೆಳಿಗ್ಗೆಯಿಂದ ದುಬೈಗೆ ಒಂದು ಫೋನೂ ಮಾಡಿರಲಿಲ್ಲ. ತಟ್ಟನೆ ಎದ್ದು ಕೂತು ಫೋನ್ ಹಚ್ಚಿದಳು.

"ಎಂತ ಜೂಡಿ? ಏನಾಯ್ತು?" ಫಿಡೆಲಿಸ್ ಕೇಳಿದ. ಹಿಂದೆ ಕುಕ್ಕರು ಸಿಳ್ಳೆ ಹಾಕುತ್ತಿತ್ತು.

"ಏನಿಲ್ಲ. ಸುಮ್ಮನೆ ಮಾಡಿದೆ."

"ಸಾರಿಗೆ ನಾನೂ ಉಪ್ಪು ಹಾಕಿದೆ, ಇವಳೂ ಹಾಕಿದ್ದಾಳೆ. ಬಾಯಿಗೆ ಇಡ್ಲಿಕ್ಕೆ ಆಗುದಿಲ್ಲ." ಆನ್ ಮರಿಯಾ ಹಿಂದಿನಿಂದ ನಗುವುದು ಕೇಳಿಸಿತು.

ಎರಡು ಆಲೂಗಡ್ಡೆ ಹಾಕಿ ಎಂದು ಹೇಳಲು ಜೂಡಿತ್ ಬಾಯಿ ತೆರೆದಳು. ಅಷ್ಟರಲ್ಲಿ, "ಖಲಾಸ್, ಮೊಸರು ಉಂಟು. ಮೊಸರು, ಉಪ್ಪಿನಕಾಯಿಯಲ್ಲಿ ಊಟ ಮಾಡ್ತೇವೆ," ಎಂದ ಅವನು. "ನಿನ್ನದು ಊಟ ಆಯ್ತಾ?"

ಅದನ್ನು ಅವನು ಕೇಳಿ ಎಷ್ಟು ದಿನವಾಗಿತ್ತೋ. ಜೂಡಿತ್ ದಿಂಬಿಗೆ ಒರಗಿ, ಮಧ್ಯಾಹ್ನ ಏನು ಉಂಡೆ ಎಂದು ನಿಧಾನವಾಗಿ ಹೇಳತೊಡಗಿದಳು.