ಅಮಾವಾಸ್ಯೆಯ ಪರೀಕ್ಷೆ

ತುಂಗಭದ್ರಾ ಕಾಲುವೆ ತೋಡುತ್ತಿದ್ದ ವರ್ಷ. ಶಾಲೆಯ ಇನ್‌ಸ್ಪೆಕ್ಟರು ಪರೀಕ್ಷೆ ಮುಗಿಸಿ ಬಳ್ಳಾರಿಗೆ ಹಿಂದಿರುಗಿದ ದಿನ, ಕುರುಗೋಡು ಬಳಿಯ ಹಳ್ಳಿಯಲ್ಲಿ ಗಾಳೆಪ್ಪನ ಮನೆಯ ಒಲೆ ಹೊತ್ತಲಿಲ್ಲ. ಮಗಳು ಹೊನ್ನೂರಮ್ಮ ನಾಲ್ಕನೇ ಕ್ಲಾಸು ನಪಾಸು. ಮದ್ರಾಸು ಸೀಮೆಯ ಬಂದರುಗಳ ಹೆಸರು ಕೇಳಿದ್ದಕ್ಕೆ ಹುಡುಗಿ ನೆಲ ನೋಡುತ್ತ ನಿಂತುಬಿಟ್ಟಿದ್ದಳು.

"ನಾಳೆಯಿಂದ ಸಾಲಿ ಬ್ಯಾಡ. ಹತ್ತಿ ಬಿಡಿಸಾಕ ಹೋಗು," ಎಂದ ಗಾಳೆಪ್ಪ. ಹುಡುಗಿ ಸ್ಲೇಟನ್ನು ಎದೆಗೆ ಅವುಚಿಕೊಂಡಳು.

ಪಕ್ಕದ ಮನೆಯ ಪಕ್ಕೀರಮ್ಮ ಬಾಗಿಲಲ್ಲೇ ನಿಂತಳು. "ಆ ಬಂದರಿನಾಗ ನೀ ಹಡಗು ಕಟ್ಟಾಂವೇನು, ಗಾಳೆಪ್ಪಣ್ಣ? ನಾಳೆ ಅಮಾಸಿ. ಎತ್ತು ಹೂಡಂಗಿಲ್ಲ, ಎಲ್ಲಾರೂ ಚಾವಡಿಗೆ ಬರ್ತಾರ. ಮಲ್ಲಯ್ಯ ಮಾಸ್ತರ್ರು ನಮ್ಮ ಕೈಲೇ ಪರೀಕ್ಷೆ ಮಾಡಸ್ತಾರ. ನಮಗ ಬೇಕಾದ್ದು ನಾವ ಕೇಳಾದು."

"ಸರ್ಕಾರ ನಪಾಸು ಅಂದಿದ್ದನ್ನ ನೀವು ಪಾಸು ಮಾಡ್ತೀರೇನು?"

"ಬಂದು ನೋಡು. ನಿನ್ನ ಬಾಯಿಗೇನು ಬೀಗ ಹಾಕಲ್ಲ."

ಮರುದಿನ ಮಕ್ಕಳು ಹಗ್ಗ ಹಿಡಿದು ಹೊಲ ಅಳೆದರು, ಚಾವಡಿಯಲ್ಲಿ ಊರವರಿಗೆ ಬಂದ ಪತ್ರ ಓದಿದರು. ನೋಡುತ್ತ ಕೂತಿದ್ದ ಗಾಳೆಪ್ಪನ ಸಿಟ್ಟು ಇಳಿಯಲಿಲ್ಲ. ಮನೆಗೆ ಹೋಗಿ ದೇವರ ಗೂಡಿನಿಂದ ಒಂದು ಕಾಗದ ತಂದು ಮಗಳ ಮುಂದೆ ಎಸೆದ. ಕಾಲುವೆ ಕಚೇರಿಯ ಮೊಹರಿತ್ತು. ಜವಾನ ಅದನ್ನು ಕೊಟ್ಟಾಗ 'ಕಾಲುವೆ' ಎಂಬುದೊಂದೇ ಓದು ಬಾರದ ಗಾಳೆಪ್ಪನ ಕಿವಿಗೆ ಬಿದ್ದದ್ದು. ಹೊಲಕ್ಕೆ ನೀರೇ ಬಂತೆಂದು ತಿಂಗಳಿಂದ ಅರಿಶಿನ ಕುಂಕುಮ ಹಚ್ಚಿ ಪೂಜಿಸಿದ್ದ.

"ಓದಲೇ. ಇದನ್ನ ಓದಿದರ ಪಾಸು."

ಹುಡುಗಿ ಬೆರಳಿಟ್ಟು ಓದತೊಡಗಿದಳು.

"ಅಪ್ಪ, ಇದು ನೀರಿನ ಕಾಗದ ಅಲ್ಲ. ಕಾಲುವಿಗೆ ನಮ್ಮ ಬಾವಿ ಹೊಲ ತಗೊಂತಾರಂತ. ತಕರಾರಿದ್ದರ ಸಿರುಗುಪ್ಪ ಕಚೇರಿಗೆ ಬಂದು ಹೇಳ್ರಿ ಅಂತ ಐತಿ."

ಮಲ್ಲಯ್ಯ ಮಾಸ್ತರರು ಎದ್ದು ನಿಂತರು. "ಎಂದಿನೊಳಗ?"

ತಾರೀಖಿನ ಮೇಲೇ ಕುಂಕುಮ ಮೆತ್ತಿತ್ತು. ಹೊನ್ನೂರಮ್ಮ ಉಗುರಿನಿಂದ ಮೆಲ್ಲಗೆ ಕೆರೆದಳು. ಕೆಂಪಿನಡಿ ಅಂಕಿ ಕಂಡಿತು.

"ನಾಳೆ ಕಡೀ ದಿನ, ಅಪ್ಪ."

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಗಾಳೆಪ್ಪ ಮಗಳನ್ನೂ ಹತ್ತಿಸಿಕೊಂಡು ಸಿರುಗುಪ್ಪಕ್ಕೆ ಹೋದ. ಅರ್ಜಿ ಬರೆದವಳು ಅವಳೇ. ಸರ್ವೆಯವರು ಮತ್ತೆ ಬಂದು ಅಳೆದರು. ಹೊಲದ ಒಂದು ಅಂಚು ಹೋಯಿತು, ಬಾವಿ ಉಳಿಯಿತು.

"ಮುಂದಿನ ಅಮಾಸಿಗೂ ನಾನು ಪ್ರಶ್ನಿ ಕೇಳಾಂವ," ಎಂದ ಗಾಳೆಪ್ಪ.

"ಕೇಳಪ್ಪ," ಎಂದಳು ಪಕ್ಕೀರಮ್ಮ, "ಆದರ ಕಾಗದ ಎಸೀಬ್ಯಾಡ. ಕೈಗೆ ಕೊಡು." ಹೊನ್ನೂರಮ್ಮ ಸ್ಲೇಟು ಹಿಡಿದು ಶಾಲೆಗೆ ನಡೆದಳು.

ತಂದೆತಾಯಂದಿರೇ, ಇನ್‌ಸ್ಪೆಕ್ಟರು ವರ್ಷಕ್ಕೊಮ್ಮೆ ಬಂದು ಹೋಗುತ್ತಾರೆ. ಮಗು ವರ್ಷವಿಡೀ ನಿಮ್ಮ ಕಣ್ಣೆದುರಿಗಿರುತ್ತದೆ. ನಪಾಸೆಂಬ ಒಂದು ಮಾತು ಕೇಳಿ ಶಾಲೆ ಬಿಡಿಸಬೇಡಿ. ನಿಮ್ಮೂರಿಗೆ ಬೇಕಾದ ಕಲಿಕೆ ಯಾವುದೆಂದು ಮೇಷ್ಟರ ಜೊತೆ ಕೂತು ಗೊತ್ತು ಮಾಡಿ. ತಿಂಗಳಿಗೊಮ್ಮೆ ನೀವೇ ಕೇಳಿ ನೋಡಿ. ನಿಮ್ಮ ದೇವರ ಗೂಡಿನಲ್ಲೂ ಓದದ ಕಾಗದವಿದ್ದರೆ, ಇವತ್ತೇ ಇಳಿಸಿ ಮಗುವಿನ ಕೈಗೆ ಕೊಡಿ.