ದೇವರ ಪಾಲಾದ ಬೂಟು

ಬಿಜ್ಜರಗಿಯ ಆಚೆಗಿರುವ ಗುಡ್ಡವನ್ನು ನಾನು ಮೊದಲಿನಿಂದಲೂ ಪರ್ವತವೆಂದೇ ಕರೆಯುತ್ತ ಬಂದಿದ್ದೇನೆ. ನಮ್ಮ ಬಡಾವಣೆಯ ನೀರಿನ ಟಾಕಿಗಿಂತ ಒಂದೆರಡು ಆಳು ಎತ್ತರ ಇದ್ದೀತು. ತಪ್ಪು ನನ್ನದಲ್ಲ, ಆಯಿಯದು. ಆಯಿ ಅಂದರೆ ಅಪ್ಪನ ತಾಯಿ, ರೇಣುಕವ್ವ. ಆಕೆಯ ಕಥೆಯಲ್ಲಿ ಆ ಗುಡ್ಡದ ದೇವರು ರಾತ್ರಿಯೆಲ್ಲ ಬೆಳದಿಂಗಳಲ್ಲಿ ಕುರಿಹಿಂಡು ಕಾಯುತ್ತ ತಿರುಗುತ್ತಾನೆ, ತಿರುಗಿ ತಿರುಗಿ ಅವನ ಚರ್ಮದ ಕಾಲ್ಮರಿ ಸವೆಯುತ್ತವೆ, ಭಕ್ತರು ಹೊಸ ಜೋಡು ಒಪ್ಪಿಸುತ್ತಾರೆ. ಅಂಥ ದೇವರನ್ನು ಟಾಕಿಯೆತ್ತರದ ದಿಬ್ಬದ ಮೇಲೆ ಕೂರಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ಸ್ಟುಡಿಯೋದ ಸೈಫುದ್ದೀನ ಮಾಮಾ ತಮ್ಮ ಹಳೆಯ ಕ್ಯಾಮೆರಾ ನನಗೆ ಕೊಡುವಾಗ ಒಂದು ಮಾತು ಹೇಳಿದ್ದರು. "ಸಂಕ್ರಾಂತಿಗೆ ಫೋಟೋ ಪ್ರದರ್ಶನ ಐತಿ. ನಿಂದೊಂದರ ಗ್ವಾಡಿ ಮ್ಯಾಲ ಬಂತಂದ್ರ ಕ್ಯಾಮೆರಾ ನಿಂದs. ಇಲ್ಲಂದ್ರ ತಂದಿಟ್ಟು, ಚಾ ಕುಡದು ಹೋಗು."

ಮೂರು ತಿಂಗಳು ನಾನು ತೆಗೆದದ್ದು ಮೋಡಗಳನ್ನು. ಆನೆಯಂಥ ಮೋಡ, ತಲೆ ಬಾಚಿಕೊಳ್ಳುವ ರಾಜಕುಮಾರಿಯಂಥ ಮೋಡ. ಮಾಮಾನಿಗೆ ಎಲ್ಲವೂ ಬರೀ ಮೋಡದಂತೆಯೇ ಕಂಡವು. ಉಳಿದದ್ದು ಒಂದೇ ಭಾನುವಾರ. ಪರ್ವತದ ಮೇಲಿಂದ ಚಳಿಗಾಲದ ಸೂರ್ಯೋದಯ ಹಿಡಿಯದಿದ್ದರೆ ಕ್ಯಾಮೆರಾ ಹೋಯಿತು.

ಸೂರ್ಯನ ಬಗ್ಗೆ ಯೋಚಿಸಬೇಕಾದ ಆ ವಾರವೆಲ್ಲ ನಾನು ಬೂಟಿನ ಬಗ್ಗೆ ಯೋಚಿಸಿದೆ. ಕೊನೆಗೆ ಅಥಣಿ ರಸ್ತೆಯ ಅಂಗಡಿಯಲ್ಲಿ ಕಿತ್ತಳೆ ಬಣ್ಣದ ಜೋಡಿಯೊಂದು ಸಿಕ್ಕಿತು. ಹಿಮದಲ್ಲಿ ಜಾರುವುದಿಲ್ಲ, ಒಳಗೆ ನೀರು ಇಳಿಯುವುದಿಲ್ಲ ಎಂದು ಅಂಗಡಿಯವನು ಹೇಳಿದ. ದೀಪಾವಳಿಯಿಂದ ಹನಿ ಮಳೆ ಕಾಣದ ಊರಿನಲ್ಲಿ ನಿಂತು ನಾನು ಅದನ್ನು ಕೇಳಿ ಬಹಳ ಸಮಾಧಾನಪಟ್ಟೆ.

ಜೊತೆಗೆ ಬಂದಿದ್ದ ಆಯಿ ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ಕಟಗಿ ಇದ್ದಂಗ ಅದಾವಲ್ಲ ಬೇ. ನನ್ನ ಕಾಲ್ಮರಿ ಒಯ್ಯಿ. ಎಣ್ಣಿ ಹಚ್ಚಿ ಮೆತ್ತಗ ಮಾಡೇನಿ."

"ಆಯಿ, ಇದು ಪರ್ವತಾರೋಹಣ."

"ಗುಡ್ಡಾ ಹತ್ತೂದು ಅನ್ನು."

ಭಾನುವಾರ ನಸುಕಿನಲ್ಲಿ ಚಿಕ್ಕಪ್ಪನ ಮಗಳು ಸುಧಾರಾಣಿಯ ಸ್ಕೂಟಿಯ ಹಿಂದೆ ಕೂತು ಹೊರಟೆ. ಟಿಕೋಟಾ ದಾಟುವಷ್ಟರಲ್ಲಿ ಹಲ್ಲು ಕಟಕಟ ಅನ್ನುತ್ತಿದ್ದವು. ಕಾಲು ಮಾತ್ರ ಬೆಚ್ಚಗಿದ್ದವು. ಗುಡ್ಡದ ಬುಡದಲ್ಲಿ ಕುರಿಗಳ ನಡುವೆ ಕಂಬಳಿ ಹೊದ್ದು ಕೂತಿದ್ದ ಪೂಜಾರಿ ಮಲಕಾಜಪ್ಪ ತಲೆ ಎತ್ತಿದ.

"ಕಾಲಾಗಿಂದು ಇಲ್ಲೇ ಬಿಟ್ಟು ಹತ್ರಿ ತಂಗೀ. ಮ್ಯಾಲ ದೇವ್ರದಾನ."

ಸುಧಾರಾಣಿ ರಬ್ಬರ್ ಚಪ್ಪಲಿಯನ್ನು ಮುಳ್ಳುಕಂಟಿಯ ಕಡೆ ಝಾಡಿಸಿ ಹತ್ತತೊಡಗಿದಳು. ನನ್ನ ಬೂಟಿಗೆ ಒಂದೊಂದಕ್ಕೆ ಹದಿನಾಲ್ಕು ತೂತು. ಸೆಟೆದ ಬೆರಳುಗಳಿಂದ ಲೇಸು ಬಿಚ್ಚುತ್ತ ಗಂಟನ್ನು ಕಗ್ಗಂಟು ಮಾಡಿದೆ.

"ಲೇ ವಿದ್ಯಾ, ಸೂರ್ಯಾ ಬಂದ್ನೇ! ತಡಿ ಅನ್ನಲೇನು?" ಮೇಲಿನಿಂದ ಸುಧಾರಾಣಿ ಕೂಗಿದಳು.

ಅಂತೂ ಬಿಚ್ಚಿದೆ. ಧೂಳಾಗಬಾರದೆಂದು ಪಕ್ಕದ ನುಣುಪು ಚಪ್ಪಡಿಗಲ್ಲಿನ ಮೇಲೆ ಜೋಡಿಸಿ, ಮೂತಿ ಗುಡ್ಡದ ಕಡೆ ತಿರುಗಿಸಿ, ಅಂದ ನೋಡಿ ಓಡಿದೆ. ಅರ್ಧ ದಾರಿಯಲ್ಲಿ ಮುಳ್ಳು ನೆಟ್ಟಿತು. ಒಂಟಿಗಾಲಲ್ಲಿ ಕುಂಟುತ್ತ ತುದಿ ಮುಟ್ಟಿದಾಗ ಸೂರ್ಯ ಆಗಲೇ ಬಿಳಿಚಿಕೊಂಡು ಮೇಲೆ ನಿಂತಿದ್ದ. ತೆಗೆದ ಎಪ್ಪತ್ತು ಚಿತ್ರಗಳಲ್ಲೂ ಸುಣ್ಣ ಬಳಿದಂಥ ಆಕಾಶ. ಕ್ಯಾಮೆರಾ ಮರಳಿಸುವಾಗ ಚಹಾ ಬೇಡವೆನ್ನಬೇಕೆಂದು ಯೋಚಿಸುತ್ತ ಕೆಳಗಿಳಿದೆ.

ಕಲ್ಲಿನ ಮೇಲೆ ನನ್ನ ಬೂಟಿಗೆ ಭಂಡಾರದ ಅರಿಸಿನ ಬಿದ್ದಿತ್ತು. ಎರಡರ ನಡುವೆ ಒಡೆದ ತೆಂಗಿನಕಾಯಿ. ಮಲಕಾಜಪ್ಪ ಕೈಮುಗಿದು ನಿಂತಿದ್ದ.

"ಭಾಳ ದಿನಕ್ಕ ಹೊಸಾ ಜೋಡು ಬಂತವ್ವಾ. ದೇವ್ರು ಬರೇ ಹಳೇದರಾಗ ತಿರಗಾಕತ್ತಿದ್ದ."

"ಯಪ್ಪಾ, ನಾ ಸುಮ್ನ ಇಟ್ಟಿದ್ದೆ..."

"ಈ ಕಲ್ಲಿನ ಮ್ಯಾಲ ಸುಮ್ನ ಯಾರೂ ಇಡೂದುಲ್ಲ ತಂಗಿ. ಇಟ್ಟದ್ದು ಅವಂದs."

ಆಗ ನೆನಪಾಯಿತು. ಆಯಿಯ ಕಥೆಯಲ್ಲಿ ಜೋಡು ಒಪ್ಪಿಸುವ ಈ ಕಲ್ಲು ಇತ್ತು. ನೂರು ಸಲ ಕೇಳಿದ್ದೆ. ನನ್ನ ತಲೆಯಲ್ಲಿ ಬೆಳದಿಂಗಳು ಮಾತ್ರ ಉಳಿದಿತ್ತು.

ಮಲಕಾಜಪ್ಪ ಬೂಟುಗಳನ್ನು ಕಂಬಳಿ ಹೊದ್ದ ತಲೆಯ ಮೇಲೆ ಹೊತ್ತು ಬರಿಗಾಲಲ್ಲಿ ಗುಡ್ಡ ಹತ್ತತೊಡಗಿದ. ಲೇಸುಗಳು ಕಿವಿಯ ಹತ್ತಿರ ತೂಗಾಡುತ್ತಿದ್ದವು. ಹಿಂದೆ ಹತ್ತಾರು ಕುರಿ. ಅಳು ಬರುತ್ತಿತ್ತು, ಆದರೂ ಕ್ಯಾಮೆರಾ ಎತ್ತಿದೆ. ಒಂದೇ ಸಲ ಒತ್ತಿದೆ.

ಸಂಕ್ರಾಂತಿಗೆ ಆ ಚಿತ್ರ ಗೋಡೆಯ ಮೇಲೆ ಬಂತು. "ಮೋಡದಾಗ ಇಂಥಾದ್ದು ಸಿಗ್ತಿತ್ತೇನು?" ಎಂದರು ಮಾಮಾ. ಕ್ಯಾಮೆರಾ ನನಗೇ ಉಳಿಯಿತು. ಚಿತ್ರದ ಪ್ರತಿ ಕಳಿಸಲೆಂದು ಪೂಜಾರಿಗೆ ನನ್ನ ನಂಬರು ಕೊಟ್ಟಿದ್ದೆ. ಅಮಾವಾಸ್ಯೆ ಕಳೆದ ಮರುದಿನ ಮಲಕಾಜಪ್ಪ ಫೋನ್ ಮಾಡಿದ. ದನಿ ತಗ್ಗಿತ್ತು.

"ತಂಗೀ, ತಪ್ಪ ತಿಳಕೋಬ್ಯಾಡ. ಬೂಟಿನ ತಳಾ ಒಂದೀಟೂ ಸವದಿಲ್ಲ. ದೇವ್ರಿಗಿ ಕಚ್ಚಾಕತ್ತಾವ ಕಾಣ್ತೈತಿ. ಮೆತ್ತನ್ನವು ಇದ್ರ ಒಂದ್ ಜೋಡು ನೋಡವ್ವಾ."

ಪಕ್ಕದಲ್ಲಿ ಕೂತಿದ್ದ ಆಯಿ ಎದ್ದು ಹೋಗಿ ಎಣ್ಣೆ ಹಚ್ಚಿದ ಕಾಲ್ಮರಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದಳು.

ಮರುದಿನ ಅವನ್ನು ಕಲ್ಲಿನ ಮೇಲೆ ನಾನೇ ಇಟ್ಟೆ. ನನ್ನ ರಬ್ಬರ್ ಚಪ್ಪಲಿಯನ್ನು ಮಾತ್ರ ದೂರದ ಕಂಟಿಯ ಹತ್ತಿರ ಬಿಟ್ಟೆ, ಒಂದು ಆ ಕಡೆ, ಒಂದು ಈ ಕಡೆ.